ಕುಂಟಿದ್ದೆಲ್ಲ ಗೊರಸು ಕೊಳೆಯಲ್ಲ

ಕುರಿ ಕುಂಟತೊಡಗಿದರೆ ಗೊರಸು ಕೊಳೆ ರೋಗ ಬಂದಿದೆ ಎಂದು ತೀರ್ಮಾನಿಸುವುದು ಕುರಿ ಸಾಕುವ ನಾಡುಗಳಲ್ಲೆಲ್ಲ ಇರುವ ರೂಢಿ. 2005ರಲ್ಲಿ ಇಂಗ್ಲೆಂಡಿನ ಕುರಿ ಸಾಕಣೆದಾರರಿಗೆ ಗೊರಸಿನ ಆರು ಬಗೆಯ ತೊಂದರೆಗಳ ಬಣ್ಣದ ಚಿತ್ರ ಮತ್ತು ವಿವರಣೆಗಳನ್ನು ಕಳುಹಿಸಿ, ಪ್ರತಿಯೊಂದರ ಹೆಸರು ಬರೆಯುವಂತೆ ಕೇಳಲಾಯಿತು. ಲೆಕ್ಕಕ್ಕೆ ಬಂದ 809 ಮಂದಿಯಲ್ಲಿ ಆರನ್ನೂ ಸರಿಯಾಗಿ ಗುರುತಿಸಿದವರು ಸುಮಾರು ಐವರಿಗೆ ಒಬ್ಬರಂತೆ ಮಾತ್ರ. ಕುತೂಹಲದ ಸಂಗತಿ ಬೇರೆಯೇ ಇದೆ. ಗೊರಸು ಕೊಳೆಯ ಚಿತ್ರವನ್ನು ಬಹುಪಾಲು ಜನ ಸರಿಯಾಗಿಯೇ ಗುರುತಿಸಿದ್ದರು. ಎಡವಿದ್ದು ಉಳಿದ ಚಿತ್ರಗಳಲ್ಲಿ. ಎಡವಿದಾಗ ಅವರು ಎಲ್ಲಕ್ಕಿಂತ ಹೆಚ್ಚಾಗಿ ಬರೆದದ್ದು ಗೊರಸು ಕೊಳೆಯ ಹೆಸರನ್ನೇ. ರೋಗ ಗೊತ್ತಿಲ್ಲದ್ದರಿಂದ ಆದ ತಪ್ಪಲ್ಲ ಇದು, ಅದೊಂದೇ ರೋಗ ಚೆನ್ನಾಗಿ ಗೊತ್ತಿದ್ದುದರಿಂದ ಆದದ್ದು. ಕಾಲಿನ ಯಾವ ನೋವಿಗಾದರೂ ಹೊಂದಿಕೊಳ್ಳುವ ಒಂದು ಹೆಸರು ಕೈಗೆ ಸಿಕ್ಕಿಬಿಟ್ಟರೆ ಮುಂದೆ ನೋಡುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಂಗ್ಲೆಂಡಿನಂಥ ಕಡೆ, ಪಶುವೈದ್ಯರು ಫೋನಿಗೆ ಸಿಗುವ ಕಡೆ, ಹೀಗಾದರೆ ಹಗರಿಬೊಮ್ಮನಹಳ್ಳಿಯ ಹೊಲದಲ್ಲೋ ಗೋಕಾಕದ ರಸ್ತೆ ಬದಿಯಲ್ಲೋ ಇನ್ನೂರು ಕುರಿಗಳ ಜೊತೆ ರಾತ್ರಿ ತಂಗಿದವರು ಹಾಗೆ ಮಾಡಿದರೆ ಆಶ್ಚರ್ಯವೇನಿಲ್ಲ. ಆದರೆ ಅದರ ಬೆಲೆ ಮಾತ್ರ ಇಲ್ಲಿ ಹೆಚ್ಚು.

ನನ್ನ ವಾದ ಇಷ್ಟು. ಗೊರಸು ಕೊಳೆಯನ್ನು ಒಂದು ಕಾಲು ನೋಡಿ ಹೇಳಲಾಗದು. ಒಂದು ಪ್ರಯೋಗಾಲಯದ ವರದಿ ನೋಡಿಯೂ ಹೇಳಲಾಗದು. ಅದು ಹಿಂಡಿನ ರೋಗ. ಗಾಯ ಗೊರಸಿನ ಯಾವ ಜಾಗದಲ್ಲಿ ಶುರುವಾಯಿತು, ಹಿಂಡಿನಲ್ಲಿ ಎಷ್ಟು ಕಾಲುಗಳಲ್ಲಿ ಅದೇ ಬಗೆಯ ಗಾಯ ಇದೆ, ಕಳೆದ ಕೆಲವು ವಾರ ನೆಲ ಎಷ್ಟು ತೇವವಾಗಿತ್ತು ಎಂಬ ಮೂರನ್ನೂ ಸೇರಿಸಿ ನೋಡಿದಾಗ ಮಾತ್ರ ರೋಗದ ಹೆಸರು ನಿಲ್ಲುತ್ತದೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ದಾರಿ ತಪ್ಪಿಸುತ್ತವೆ.

ಈ ಮೂರೇ ಏಕೆ ಎಂಬುದಕ್ಕೆ ಉತ್ತರ ರೋಗದ ಸ್ವಭಾವದಲ್ಲೇ ಇದೆ. ಆಸ್ಟ್ರೇಲಿಯಾದ ಡಬ್ಲ್ಯು.ಐ.ಬಿ. ಬೆವೆರಿಜ್ 1941ರಲ್ಲಿ ಈ ರೋಗದ ನಿಜವಾದ ಕಾರಣವನ್ನು ಬೇರ್ಪಡಿಸಿ ತೋರಿಸಿದರು. ವೈಜ್ಞಾನಿಕ ಸಂಶೋಧನೆಯ ಕಲೆಯ ಬಗ್ಗೆ ಮುಂದೆ ಹೆಸರಾಂತ ಪುಸ್ತಕ ಬರೆದವರೂ ಇವರೇ. ಅವರು ಗುರುತಿಸಿದ ಬ್ಯಾಕ್ಟೀರಿಯಾಕ್ಕೆ ಈಗಿನ ಹೆಸರು ಡೈಕೆಲೋಬ್ಯಾಕ್ಟರ್ ನೊಡೋಸಸ್. ಗಾಳಿ ತಾಗದ ಕಡೆ ಬೆಳೆಯುವ ಜೀವಿ ಇದು. ಇದರ ಜೊತೆಗಾರ ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಮ್ ಸಗಣಿ, ಹಿಕ್ಕೆ, ಕೆಸರುಗಳಲ್ಲಿ ಎಲ್ಲೆಡೆ ಇರುವಂಥದ್ದು. ತೇವದಿಂದ ಗೊರಸಿನ ಸಂದಿಯ ಚರ್ಮ ಮೆತ್ತಗಾಗಿ ನೆನೆದಾಗ ಈ ಎರಡನೆಯದು ಮೊದಲು ಅಲ್ಲಿ ನೆಲೆಯೂರಿ ಚರ್ಮವನ್ನು ಕೆರಳಿಸುತ್ತದೆ. ಆಮೇಲೆ ನೊಡೋಸಸ್ ತನ್ನ ಕಿಣ್ವಗಳಿಂದ ಗೊರಸನ್ನು ಒಳಗಿನ ಮಾಂಸಕ್ಕೆ ಹಿಡಿದಿಟ್ಟ ಪದರವನ್ನೇ ಕರಗಿಸುತ್ತಾ ಹೋಗುತ್ತದೆ. ಬೆವೆರಿಜ್ ಕಂಡುಕೊಂಡ ಇನ್ನೊಂದು ವಿಷಯ ರೋಗ ನಿರ್ಣಯಕ್ಕೆ ಇನ್ನೂ ಮುಖ್ಯವಾದದ್ದು. ಕುರಿಯ ಕಾಲು ಬಿಟ್ಟರೆ ಈ ಜೀವಿ ನೆಲದಲ್ಲಿ ಹೆಚ್ಚೆಂದರೆ ಒಂದೆರಡು ವಾರ ಬದುಕೀತು. ಗೊರಸಿನ ಬಿರುಕಿನಲ್ಲಿ, ಸಡಿಲಾದ ಪದರದ ಅಡಿಯಲ್ಲಿ ಮಾತ್ರ ತಿಂಗಳುಗಟ್ಟಲೆ ಅಡಗಿರಬಲ್ಲದು. ರೋಗದ ಮನೆ ಹೊಲವಲ್ಲ, ಕಾಲು. ಹಾಗಾಗಿ ಇದು ನಿಜವಾಗಿ ಗೊರಸು ಕೊಳೆಯೇ ಆಗಿದ್ದರೆ ಅದನ್ನು ಹೊತ್ತ ಕುರಿಗಳನ್ನು ಹುಡುಕಿ ಬೇರ್ಪಡಿಸಿದರೆ ಹಿಂಡನ್ನು ಪೂರ್ತಿಯಾಗಿ ರೋಗಮುಕ್ತ ಮಾಡಬಹುದು. ಬೇರೆ ಯಾವುದೋ ತೊಂದರೆಗೆ ಈ ಹೆಸರಿಟ್ಟಿದ್ದರೆ ಅದೇ ಶ್ರಮ ನೀರಿನಲ್ಲಿ ಹೋಮ.

ಗೊರಸನ್ನು ಹತ್ತಿರದಿಂದ ನೋಡುವುದು ಹೇಗೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕುರಿಯನ್ನು ಹಿಂಬದಿಯ ಮೇಲೆ ಕೂರಿಸಿ, ಬೆನ್ನನ್ನು ಮೊಣಕಾಲಿಗೆ ಒರಗಿಸಿಕೊಂಡು, ಗೊರಸಿನ ಎರಡು ಹೋಳುಗಳನ್ನು ಬೆರಳಿನಿಂದ ಅಗಲಿಸಬೇಕು. ಕೆಸರನ್ನು ನೀರು ಹಾಕಿ ತೊಳೆಯುವ ಮುಂಚೆ ಮೂಸಿ ನೋಡಬೇಕು, ಯಾಕೆಂದರೆ ಗೊರಸು ಕೊಳೆಗೆ ತನ್ನದೇ ಆದ ಒಂದು ಕಟುವಾಸನೆ ಇದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ರೋಗದ ಮೊದಲ ಹಂತದಲ್ಲಿ ಕಾಣುವುದು ಸಂದಿಯ ಚರ್ಮದಲ್ಲಿ ಮಾತ್ರ: ಕೂದಲು ಉದುರಿರುತ್ತದೆ, ಚರ್ಮ ಕೆಂಪಾಗಿ ಒದ್ದೆಯಾಗಿರುತ್ತದೆ, ಮೇಲೆ ಬೂದುಬಣ್ಣದ ತೆಳು ಲೇಪ. ಇಷ್ಟೇ ಇದ್ದರೆ ಅದು ಮಳೆಗಾಲದಲ್ಲಿ ಯಾವ ಹಿಂಡಿನಲ್ಲೂ ಕಾಣಬಹುದಾದ ಸಂದಿ ಹುಣ್ಣು. ನೆಕ್ರೋಫೋರಮ್ ಒಂದರಿಂದಲೇ ಆಗಿರಬಹುದು, ನೆಲ ಒಣಗಿದರೆ ತಾನಾಗಿಯೇ ವಾಸಿಯಾಗಬಹುದು. ಗೊರಸು ಕೊಳೆಯ ಗುರುತು ಅದರ ಮುಂದಿನ ಹೆಜ್ಜೆಯಲ್ಲಿದೆ. ಹಿಮ್ಮಡಿಯ ಹತ್ತಿರ, ಒಳಮಗ್ಗುಲಲ್ಲಿ, ಚರ್ಮ ಮತ್ತು ಗೊರಸು ಕೂಡುವ ಗೆರೆ ಬಿಟ್ಟುಕೊಂಡಿರುತ್ತದೆ. ಅಲ್ಲಿಂದ ಅಂಗಾಲಿನ ಅಡಿಗೆ, ಆಮೇಲೆ ಹೊರಗೋಡೆಯ ಕಡೆಗೆ ಗೊರಸು ಮಾಂಸದಿಂದ ಎದ್ದು ಬರುತ್ತದೆ. ಅಡಿಯಲ್ಲಿ ಸಿಗುವುದು ಹಳದಿ ಕೀವಲ್ಲ, ಬೂದುಬಣ್ಣದ ಅಂಟು ಲೇಪ. ಸಾಮಾನ್ಯವಾಗಿ ಒಂದೇ ಕಾಲಿನ ಎರಡೂ ಹೋಳುಗಳಲ್ಲಿ, ಒಂದಕ್ಕಿಂತ ಹೆಚ್ಚು ಕಾಲುಗಳಲ್ಲಿ ಇರುತ್ತದೆ. ಮುಂಗಾಲು ನೊಂದ ಕುರಿ ಮಂಡಿಯೂರಿ ಮೇಯುತ್ತದೆ. ಕೊನೆಗೆ ಹುಳು ಬೀಳಬಹುದು.

ಇದೇ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬೇರೆ ತೊಂದರೆಗಳನ್ನು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಹೊಕ್ಕು ಕೀವು ಕಟ್ಟಿದರೆ ಸಾಮಾನ್ಯವಾಗಿ ಒಂದೇ ಕಾಲು, ಅದರಲ್ಲೂ ಒಂದೇ ಹೋಳು. ಮುಟ್ಟಿದರೆ ಬಿಸಿ, ಬಾವು, ಕಾಲನ್ನು ನೆಲಕ್ಕೆ ಊರಲೂ ಆಗದಷ್ಟು ನೋವು, ಕೀವು ಒಡೆದ ಕೂಡಲೇ ಅರ್ಧ ಉಪಶಮನ. ನೀಲಿ ನಾಲಿಗೆ ರೋಗದಲ್ಲಿ ಗೊರಸಿನ ಸಂದಿ ಶುದ್ಧವಾಗಿರಬಹುದು, ಆದರೆ ಗೊರಸು ಚರ್ಮಕ್ಕೆ ಕೂಡುವ ಮೇಲಂಚಿನಲ್ಲಿ ಸುತ್ತಲೂ ಕೆನ್ನೀಲಿ ಪಟ್ಟಿ ಕಾಣುತ್ತದೆ. ಕುರಿ ಬೆನ್ನು ಬಾಗಿಸಿ ಬಿಗಿದ ಹೆಜ್ಜೆ ಇಡುತ್ತದೆ, ಜ್ವರ ಇರುತ್ತದೆ, ಮುಖ ಬಾತುಕೊಂಡಿರುತ್ತದೆ, ಮೂಗು ಸೋರುತ್ತದೆ. ವಾರಗಳು ಕಳೆದ ಮೇಲೆ ಬದುಕುಳಿದ ಕುರಿಯ ಗೊರಸಿನಲ್ಲಿ ಆ ಪಟ್ಟಿಯ ಜಾಗದಿಂದ ಒಂದು ಅಡ್ಡಬಿರುಕು ಕೆಳಕ್ಕೆ ಇಳಿಯುತ್ತಾ ಬರುವುದನ್ನೂ ಕಾಣಬಹುದು. ಕಾಲುಬಾಯಿ ರೋಗದಲ್ಲಿ ಅದೇ ಮೇಲಂಚಿನಲ್ಲೂ ಸಂದಿಯಲ್ಲೂ ನೀರುಗುಳ್ಳೆ ಎದ್ದು ಒಡೆಯುತ್ತವೆ, ಬಾಯಿಯ ಒಳಗೂ ಹುಣ್ಣು ಇರಬಹುದು, ಮತ್ತು ನಿನ್ನೆ ಸರಿಯಾಗಿದ್ದ ಕುರಿಗಳು ಇವತ್ತು ಗುಂಪುಗುಂಪಾಗಿ ಕುಂಟುತ್ತವೆ. ಎಳೆಮರಿಗಳು ಯಾವ ಮುನ್ಸೂಚನೆಯೂ ಇಲ್ಲದೆ ಸಾಯಬಹುದು. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಯಲ್ಲಿ ಗುರುತಿಸಲಾದ ಇನ್ನೊಂದು ಸಾಂಕ್ರಾಮಿಕ ಗೊರಸು ಬೇನೆಯಂತೂ ಗೊರಸು ಕೊಳೆಗೆ ತೀರ ಹತ್ತಿರ, ಆದರೆ ಅದು ಸಂದಿಯಲ್ಲಿ ಶುರುವಾಗದೆ ಮೇಲಂಚಿನಲ್ಲಿ ಶುರುವಾಗಿ ಕೆಳಗಿಳಿಯುತ್ತದೆ. ಗಾಯ ಎಷ್ಟು ಭೀಕರವಾಗಿದೆ ಎನ್ನುವುದಕ್ಕಿಂತ ಎಲ್ಲಿ ಶುರುವಾಯಿತು ಎನ್ನುವುದು ಹೆಚ್ಚು ಹೇಳುತ್ತದೆ. ಹಾಗಾಗಿ ಎಲ್ಲಕ್ಕಿಂತ ಕೆಟ್ಟುಹೋದ ಕಾಲನ್ನು ತೋರಿಸಿ ರೋಗ ಕೇಳುವುದು ಹಾದಿ ತಪ್ಪಿಸುವ ಕ್ರಮ; ನಿನ್ನೆಯೋ ಮೊನ್ನೆಯೋ ಕುಂಟಲು ಶುರುಮಾಡಿದ ಕುರಿಯ ಕಾಲೇ ಉತ್ತಮ ಸಾಕ್ಷಿ.

ದಖ್ಖನ್ನಿನಲ್ಲಿ ಈ ವ್ಯತ್ಯಾಸ ಕೇವಲ ಪುಸ್ತಕದ ವಿಷಯವಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ತೆಲಂಗಾಣ, ಆಂಧ್ರಗಳ ನಂತರ ದೇಶದಲ್ಲಿ ಅತಿ ಹೆಚ್ಚು ಕುರಿ ಇರುವುದು ಕರ್ನಾಟಕದಲ್ಲಿ, ಸುಮಾರು 1.1 ಕೋಟಿ. ಈ ಮೂರೂ ರಾಜ್ಯಗಳು ನೀಲಿ ನಾಲಿಗೆ ರೋಗದ ಸೀಮೆ. ಕಚ್ಚುವ ಸಣ್ಣ ನುಸಿಗಳಿಂದ ಹರಡುವ ಆ ರೋಗ ಏಳುವುದು ಮಳೆ ಬಿದ್ದು ನೆಲ ನೆನೆದ ಮೇಲೆ, ಮುಂಗಾರಿನ ಕೊನೆಯಿಂದ ಹಿಂಗಾರಿನ ತನಕ. ಎರೆಮಣ್ಣು ಗೊರಸಿನ ಸಂದಿಗೆ ಅಂಟಿ ಉಂಡೆಗಟ್ಟುವುದೂ, ಸಂದಿಯ ಚರ್ಮ ನೆನೆದು ಕೊಳೆಯುವುದೂ ಅದೇ ತಿಂಗಳುಗಳಲ್ಲಿ. ಯುರೋಪಿನಲ್ಲಿ ಚಳಿಗಾಲ ಗೊರಸು ಕೊಳೆಗೆ ತಡೆ ಹಾಕುತ್ತದೆ, ಹತ್ತು ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಅದು ಹರಡುವುದು ಕಷ್ಟ. ನಮ್ಮಲ್ಲಿ ಉಷ್ಣತೆ ಎಂದೂ ತಡೆಯಾಗುವುದಿಲ್ಲ, ತೇವ ಒಂದೇ ಇಲ್ಲಿಯ ಋತು. ಹೀಗೆ ಎರಡು ಬೇರೆಬೇರೆ ರೋಗಗಳು ಒಂದೇ ಕಾಲದಲ್ಲಿ, ಒಂದೇ ಹಿಂಡಿನಲ್ಲಿ, ಒಂದೇ ಲಕ್ಷಣ ಹೊತ್ತು ಬರುವ ಕಡೆ ಕುಂಟನ್ನು ಮಾತ್ರ ನೋಡಿ ಹೆಸರಿಡುವುದು ನಾಣ್ಯ ಚಿಮ್ಮಿದಂತೆ.

ತಪ್ಪು ಹೆಸರಿನ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಬ್ರಿಟನ್ನಿನ 2001ರ ಕಾಲುಬಾಯಿ ರೋಗದ ಕಥೆ ಸಾಕು. ಆ ವರ್ಷ ಫೆಬ್ರುವರಿ 20ರಂದು ಎಸೆಕ್ಸಿನ ಕಸಾಯಿಖಾನೆಯೊಂದರಲ್ಲಿ ಹಂದಿಗಳಲ್ಲಿ ರೋಗ ಖಚಿತವಾಯಿತು. ಅದಕ್ಕೆ ಒಂದು ವಾರ ಮೊದಲೇ ಉತ್ತರ ಇಂಗ್ಲೆಂಡಿನ ಸೋಂಕಿತ ಕುರಿಗಳು ಹೆಕ್ಸಮ್ ಮಾರುಕಟ್ಟೆಗೆ ಬಂದು, ಅಲ್ಲಿಂದ ಲಾಂಗ್‌ಟೌನಿನ ದೊಡ್ಡ ಸಂತೆಗೆ ಹೋಗಿ, ದೇಶದ ಮೂಲೆಮೂಲೆಗೆ ಮಾರಾಟವಾಗಿ ಹೋಗಿದ್ದವು. ಕುರಿಗಳಲ್ಲಿ ಆ ರೋಗದ ಚಿಹ್ನೆ ಅಷ್ಟು ಮೆದು: ಒಂದೆರಡು ದಿನದ ಕುಂಟು, ಬೇಗ ಮಾಯುವ ಗುಳ್ಳೆ. ಕುಂಟುವ ಕುರಿ ಯಾವ ಸಂತೆಯಲ್ಲೂ ಯಾರ ಗಮನವನ್ನೂ ಸೆಳೆಯದು. ಕೊನೆಗೆ ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ನಮ್ಮಲ್ಲಿ ಕೊಲ್ಲುವ ನೀತಿ ಇಲ್ಲ. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಲಸಿಕೆ ಹಾಕುವ ನೀತಿ ಇದೆ. ಆದರೆ ಒಂದು ಮಂದೆಯಲ್ಲಿ ಹದಿನೈದು ಕುರಿ ಏಕಕಾಲಕ್ಕೆ ಕುಂಟುವುದನ್ನು ಗೊರಸು ಕೊಳೆ ಎಂದು ಬದಿಗಿಟ್ಟರೆ ಪಕ್ಕದ ಊರಿನ ದನ ಎಮ್ಮೆಗಳಿಗೆ ಎಚ್ಚರಿಕೆ ಕೊಡುವ ಸಮಯ ಕಳೆದುಹೋಗುತ್ತದೆ. ಬಾಯಿ ತೆರೆದು ನೋಡಿ, ಜ್ವರ ನೋಡಿ, ಆಮೇಲೆ ಗೊರಸು ನೋಡಿ ಎನ್ನುವ ಕ್ರಮಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಕಾಲು ನೋಡಿದ್ದಾಯಿತು, ಗೊರಸು ಎದ್ದಿರುವುದೂ ಕಂಡಿತು ಎಂದಿಟ್ಟುಕೊಳ್ಳೋಣ. ಅಲ್ಲಿಗೂ ನಿರ್ಣಯ ಮುಗಿಯುವುದಿಲ್ಲ. ಗೊರಸು ಕೊಳೆಯಲ್ಲೇ ಎರಡು ಬಗೆ: ಸಂದಿಯಲ್ಲೇ ಉಳಿದು ಮಾಯುವ ಸೌಮ್ಯ ಬಗೆ, ಗೊರಸನ್ನೇ ಕಳಚಿಹಾಕುವ ಉಗ್ರ ಬಗೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1988ರಲ್ಲಿ ರೋಗವನ್ನು ಹೊಡೆದೋಡಿಸುವ ಯೋಜನೆ ಹಾಕಿಕೊಂಡಾಗ ಗುರಿ ಇಟ್ಟದ್ದು ಉಗ್ರ ಬಗೆಯ ಮೇಲೆ ಮಾತ್ರ. ಎರಡನ್ನೂ ಬೇರ್ಪಡಿಸಿ ಹೇಳುವ ವಿಧಾನ ಕೈಯಲ್ಲಿ ಇದ್ದುದರಿಂದಲೇ ಅದು ಸಾಧ್ಯವಾಯಿತು. ವಿಧಾನ ಸರಳ. ಹಿಂಡಿನಿಂದ ಕುಂಟುವವು ಕುಂಟದವು ಎನ್ನದೆ ಸಾಕಷ್ಟು ಕುರಿಗಳನ್ನು ಎತ್ತಿಕೊಂಡು ಪ್ರತಿ ಕಾಲಿಗೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವುದು: ಸಂದಿಯ ಕೆರಳಿಕೆಗೆ ಒಂದು ಎರಡು, ಹಿಮ್ಮಡಿಯಲ್ಲಿ ಗೊರಸು ಎದ್ದರೆ ಮೂರು, ಹೊರಗೋಡೆಯ ತನಕ ಹೋದರೆ ನಾಲ್ಕು, ಅದಕ್ಕೂ ಹೆಚ್ಚಾದರೆ ಐದು. ಒಂದು ಕುರಿಗೆ ನಾಲ್ಕು ಅಂಕ ಬಂದರೆ ಅದರಿಂದ ಏನೂ ಸಾಬೀತಾಗದು, ಆ ಕುರಿಗೆ ಬೇರೆ ಕಾರಣ ಇರಬಹುದು. ಹಿಂಡಿನ ಒಂದು ಗಣನೀಯ ಪಾಲಿಗೆ ನಾಲ್ಕು ಬಂದರೆ ಮಾತ್ರ ಉಗ್ರ ಬಗೆ ಎನ್ನಬಹುದು. ಇನ್ನು ನೆಲ ಒಣಗಿರುವಾಗ ಕೊಟ್ಟ ಅಂಕಗಳಿಗೆ ಬೆಲೆಯೇ ಕಡಿಮೆ. ಉಗ್ರ ಬಗೆಯ ಸೋಂಕೂ ಬೇಸಿಗೆಯಲ್ಲಿ ಸೌಮ್ಯದಂತೆ ವೇಷ ಹಾಕುತ್ತದೆ, ಸಡಿಲಾದ ಪದರದ ಅಡಿಯಲ್ಲಿ ಉಳಿದುಕೊಂಡು ಮೊದಲ ಮಳೆಗೆ ಕಾಯುತ್ತದೆ. ಏಪ್ರಿಲ್‌ನಲ್ಲಿ ಚೆನ್ನಾಗಿದೆ ಎಂದು ಪ್ರಮಾಣಪತ್ರ ಪಡೆದ ಹಿಂಡು ಆಗಸ್ಟ್‌ನಲ್ಲಿ ಕುಂಟಿದರೆ ವೈದ್ಯರನ್ನು ದೂರುವ ಮುಂಚೆ ಪಂಚಾಂಗ ನೋಡಬೇಕು.

ಮೇಕೆಗಳ ವಿಷಯದಲ್ಲಿ ಈ ಅಂಕಪಟ್ಟಿ ಇನ್ನಷ್ಟು ಮೋಸ ಮಾಡುತ್ತದೆ, ಇದನ್ನು ಕುರಿ ಮೇಕೆ ಎರಡನ್ನೂ ಒಟ್ಟಿಗೆ ಸಾಕುವ ನಮ್ಮವರು ಗಮನಿಸಬೇಕು. ಮೇಕೆಯಲ್ಲಿ ಗೊರಸು ಎದ್ದು ಕಳಚುವುದು ಕಡಿಮೆ; ಉಗ್ರ ಬಗೆಯ ಬ್ಯಾಕ್ಟೀರಿಯಾ ಇದ್ದರೂ ಗಾಯ ಬಹುತೇಕ ಸಂದಿಯಲ್ಲೇ ಉಳಿಯುತ್ತದೆ. ಕುರಿಯಲ್ಲಿ ನಾಲ್ಕು ಬರೆಸುವ ಸೋಂಕು ಮೇಕೆಯಲ್ಲಿ ಎರಡಕ್ಕೇ ನಿಲ್ಲಬಹುದು. ಹಾಗಾಗಿ ಮಂದೆಯ ಹತ್ತು ಮೇಕೆಗಳಿಗೆ ಏನೂ ಆಗಿಲ್ಲ ಎಂದುಕೊಂಡು ಕುರಿಗಳಿಗೆ ಮಾತ್ರ ಮದ್ದು ಮಾಡಿದರೆ ರೋಗದ ಬೇರು ಆ ಮೇಕೆಗಳ ಕಾಲಿನಲ್ಲೇ ಉಳಿದುಬಿಡುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ, ಹತ್ತಿಯ ಕಡ್ಡಿಯಿಂದ ಸಂದಿಯನ್ನು ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಪಿಸಿಆರ್ ಪರೀಕ್ಷೆ ಉತ್ತರ ಕೊಡುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪವೇ. ಸ್ವಿಟ್ಜರ್ಲೆಂಡಿನ ಬರ್ನ್‌ನ ಸಂಶೋಧಕರು 2014ರಲ್ಲಿ ಉಗ್ರ ಮತ್ತು ಸೌಮ್ಯ ಬಗೆಗಳನ್ನು ಒಂದು ಕಿಣ್ವದ ಜೀನಿನ ಅತಿ ಸಣ್ಣ ವ್ಯತ್ಯಾಸದಿಂದ ಗುರುತಿಸುವ ಪರೀಕ್ಷೆಯನ್ನು ಪ್ರಕಟಿಸಿದರು. ಆ ಪರೀಕ್ಷೆಯ ಆಧಾರದ ಮೇಲೆ ಆ ದೇಶ 2024ರ ಅಕ್ಟೋಬರಿನಿಂದ ರಾಷ್ಟ್ರಮಟ್ಟದ ನಿಯಂತ್ರಣ ಕಾರ್ಯಕ್ರಮವನ್ನೇ ನಡೆಸುತ್ತಿದೆ. ಆದರೆ ಅದೇ ಪರೀಕ್ಷೆಯನ್ನು ಸಿಡ್ನಿಯ ಸಂಶೋಧಕರು ಆಸ್ಟ್ರೇಲಿಯಾದ ಹಿಂಡುಗಳಿಗೆ ಹಚ್ಚಿ ನೋಡಿದಾಗ, ಕಾಲು ನೋಡಿ ಸೌಮ್ಯ ಎಂದು ನಿರ್ಧರಿಸಿದ ಹಿಂಡುಗಳಲ್ಲೂ ಉಗ್ರ ಜೀನು ಧಾರಾಳವಾಗಿ ಸಿಕ್ಕಿತು. ಒಂದು ದೇಶದಲ್ಲಿ ನಂಬಬಹುದಾದ ಗುರುತು ಇನ್ನೊಂದು ದೇಶದಲ್ಲಿ ಅಷ್ಟೊಂದು ನಂಬಲರ್ಹವಾಗಿ ಉಳಿಯಲಿಲ್ಲ. ಇದರಲ್ಲಿ ವಿರೋಧಾಭಾಸ ಇಲ್ಲ. ಪ್ರಯೋಗಾಲಯ ಹೇಳುವುದು ಈ ಜೀವಿ ಇಲ್ಲಿ ಇದೆಯೇ ಎಂಬುದನ್ನು. ಅದು ಈ ಹಿಂಡಿಗೆ ಈ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದನ್ನು ಹೇಳಬೇಕಾದದ್ದು ಗೊರಸು. ಕುಂಟದ ಕುರಿಯ ಕಾಲಿನಲ್ಲೂ ನೊಡೋಸಸ್ ಸಿಗಬಹುದು, ದನಗಳೂ ಅದರ ಸೌಮ್ಯ ಬಗೆಯನ್ನು ಹೊತ್ತಿರಬಹುದು. ಇದಕ್ಕೆ ವಿರುದ್ಧವಾದ ಪಾಠವೂ ಇದೆ, ಅದನ್ನು ಮುಚ್ಚಿಡಬಾರದು. ನಾರ್ವೆಯಲ್ಲಿ 1948ರಿಂದ ವರದಿಯೇ ಆಗದ ರೋಗ 2008ರಲ್ಲಿ ಪತ್ತೆಯಾಯಿತು. ರೋಗವೇ ಇಲ್ಲ ಎಂದು ನಂಬಿದ ಕಡೆ ಕಣ್ಣು ಅದನ್ನು ಕಾಣುವುದಿಲ್ಲ, ಅಂಥಲ್ಲಿ ಪರೀಕ್ಷೆಯೇ ಕಣ್ಣು ತೆರೆಸಬೇಕು.

ಪ್ರಯೋಗಾಲಯ ನಿಜವಾಗಿಯೂ ಅನಿವಾರ್ಯವಾಗುವುದು ಲಸಿಕೆಯ ವಿಷಯದಲ್ಲಿ. ನೊಡೋಸಸ್‌ನ ಮೈಮೇಲಿನ ಎಳೆಗಳ ಪ್ರಕಾರ ಅದರಲ್ಲಿ ಹತ್ತರಷ್ಟು ಗುಂಪುಗಳಿವೆ. ಒಂದು ಗುಂಪಿನ ಲಸಿಕೆ ಇನ್ನೊಂದರ ವಿರುದ್ಧ ಹೆಚ್ಚು ಕೆಲಸ ಮಾಡದು, ಎಲ್ಲವನ್ನೂ ಒಂದೇ ಲಸಿಕೆಯಲ್ಲಿ ಬೆರೆಸಿದರೆ ಪ್ರತಿಯೊಂದರ ರಕ್ಷಣೆಯೂ ಕ್ಷೀಣಿಸುತ್ತದೆ. 1990ರ ದಶಕದಲ್ಲಿ ನೇಪಾಳದ ಬೆಟ್ಟಸೀಮೆಯ ವಲಸೆ ಮಂದೆಗಳಲ್ಲಿ ಉಗ್ರ ಬಗೆಗೆ ಕಾರಣ ಬಿ ಮತ್ತು ಇ ಗುಂಪುಗಳು ಎಂದು ಮೊದಲು ಕಂಡುಕೊಂಡು, ಆ ಎರಡಕ್ಕೇ ಲಸಿಕೆ ಮಾಡಿ, ಅಲ್ಲಿಂದ ಆ ಉಗ್ರ ಬಗೆಯನ್ನು ಓಡಿಸಲಾಯಿತು. ಬೇಸಿಗೆಗೆ ಹಿಮಾಲಯದ ಮೇಲಿನ ಹುಲ್ಲುಗಾವಲಿಗೆ ಹತ್ತಿ ಚಳಿಗೆ ಇಳಿಯುವ ಮಂದೆಗಳವು, ಬೇಲಿ ಹಾಕಿದ ಫಾರ್ಮುಗಳಲ್ಲ. ಕಾಶ್ಮೀರದಲ್ಲೂ ಹೆಚ್ಚಾಗಿ ಕಂಡದ್ದು ಬಿ ಗುಂಪೇ. ವಲಸೆ ಮಂದೆಗೆ ವೈಜ್ಞಾನಿಕ ನಿಯಂತ್ರಣ ಹೊಂದುವುದಿಲ್ಲ ಎಂದು ಕೈಚೆಲ್ಲುವವರು ನೇಪಾಳದ ಈ ಉದಾಹರಣೆಯನ್ನು ನೋಡಬೇಕು. ಆದರೆ ಅಲ್ಲಿಯೂ ಕ್ರಮ ಹಿಂದುಮುಂದಾಗಿರಲಿಲ್ಲ: ಮೊದಲು ಕಾಲುಗಳನ್ನು ನೋಡಿದರು, ಆಮೇಲೆ ಮಾದರಿ ತೆಗೆದರು. ಅಂದಹಾಗೆ, ಪಿಸಿಆರ್ ಯಂತ್ರ ಇಲ್ಲದ ಕಡೆಯೂ ಗಾಯದ ಒಳಗಿನ ಲೇಪವನ್ನು ಗಾಜಿನ ಪಟ್ಟಿಗೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ತುದಿ ಉಬ್ಬಿದ, ತುಸು ಬಾಗಿದ ದಪ್ಪ ಕಡ್ಡಿಗಳು ಕಾಣುತ್ತವೆ. ತಾಲ್ಲೂಕು ಮಟ್ಟದಲ್ಲೂ ಮಾಡಬಹುದಾದ ಕೆಲಸ ಇದು.

ಎರಡನೆಯ ಆಕ್ಷೇಪ ಹೆಚ್ಚು ವ್ಯಾವಹಾರಿಕವಾದದ್ದು. ರೋಗ ಯಾವುದಾದರೇನು, ಮದ್ದು ಒಂದೇ ಅಲ್ಲವೇ, ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಟ್ಟು, ಗೊರಸು ಕೆತ್ತಿ, ಮೈಲುತುತ್ತದ ನೀರಿನಲ್ಲಿ ನಡೆಸಿದರಾಯಿತು ಎನ್ನುವವರಿದ್ದಾರೆ. ಮದ್ದು ಒಂದೇ ಅಲ್ಲ. ನೀಲಿ ನಾಲಿಗೆಯೂ ಕಾಲುಬಾಯಿಯೂ ವೈರಸ್ಸಿನಿಂದ ಬರುವಂಥವು, ಅವುಗಳ ಮೇಲೆ ಆ್ಯಂಟಿಬಯಾಟಿಕ್‌ಗೆ ಹಿಡಿತವಿಲ್ಲ. ಜ್ವರದಿಂದ ಬಳಲಿದ ಕುರಿಯನ್ನು ಮದ್ದಿನ ನೀರಿನಲ್ಲಿ ನಡೆಸುವುದು ಹಿಂಸೆ ಅಷ್ಟೇ. ಮುಳ್ಳಿನ ಕೀವಿಗೆ ಬೇಕಾದದ್ದು ಕೀವು ಹೊರಹೋಗುವ ದಾರಿ. ಗೊರಸು ಕೊಳೆಯೇ ಆಗಿದ್ದರೂ ಗೊರಸು ಕೆತ್ತುವ ರೂಢಿಯೇ ಪ್ರಶ್ನಾರ್ಹ. ಇಂಗ್ಲೆಂಡಿನಲ್ಲಿ ಐವತ್ತಕ್ಕೂ ಹೆಚ್ಚು ಕುರಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೆತ್ತದೆ ಇಂಜೆಕ್ಷನ್ ಮತ್ತು ಹಚ್ಚುವ ಮದ್ದು ಎರಡನ್ನೂ ಪಡೆದ ಕುರಿಗಳಲ್ಲಿ ಬಹುತೇಕ ಎಲ್ಲವೂ ಹತ್ತು ದಿನದೊಳಗೆ ಚೇತರಿಸಿಕೊಂಡವು, ಕೆತ್ತಿಸಿಕೊಂಡವು ಹಿಂದೆ ಬಿದ್ದವು. ಚಿಕ್ಕ ಪ್ರಯೋಗ ನಿಜ, ಆದರೆ ತಲೆತಲಾಂತರದಿಂದ ಬಂದದ್ದು ಎಂಬ ಮಾತ್ರಕ್ಕೆ ರೂಢಿ ಸರಿಯಾಗಿಬಿಡದು ಎಂಬುದನ್ನು ಮರೆಯಬಾರದು. ಹರಿತ ಚೂರಿಯೇ ಒಂದು ಕಾಲಿನಿಂದ ಇನ್ನೊಂದಕ್ಕೆ ರೋಗ ಒಯ್ಯುವುದೂ ಉಂಟು. ನೋಡುವುದಕ್ಕಾಗಿ ಸಡಿಲಾದ ಅಂಚನ್ನು ತುಸು ಎತ್ತುವುದು ಬೇರೆ, ರಕ್ತ ಬರುವಂತೆ ಕೆತ್ತುವುದು ಬೇರೆ. ಇನ್ನು ಮೈಲುತುತ್ತ. ಅದರಲ್ಲಿರುವ ತಾಮ್ರ ಕುರಿಯ ಮೈಗೆ ಬೇರೆ ಜಾನುವಾರುಗಳಿಗಿಂತ ಬೇಗ ವಿಷವಾಗುತ್ತದೆ. ಬಾಯಾರಿದ ಕುರಿ ಆ ತೊಟ್ಟಿಯ ನೀರು ಕುಡಿದರೆ ಸಾವು ದೂರವಿಲ್ಲ. ಶೇ 10ರ ಸತುವಿನ ಸಲ್ಫೇಟ್ ದ್ರಾವಣ ಅದಕ್ಕಿಂತ ಸುರಕ್ಷಿತ.

ಮೂರನೆಯ ಆಕ್ಷೇಪ ಕುರಿಗಾಹಿಗಳ ಕಡೆಯಿಂದ ಬರುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗೌರವಕ್ಕೆ ಅರ್ಹವಾದದ್ದೂ ಅದೇ. ಹುಟ್ಟಿದಾಗಿನಿಂದ ಕುರಿಯ ಜೊತೆಗೇ ಬದುಕಿದವರಿಗೆ ಹೊರಗಿನವರು ಕಾಲು ನೋಡುವುದನ್ನು ಕಲಿಸಬೇಕೇ? ಕಲಿಸಬೇಕಿಲ್ಲ. ಹಿಂಡಿನ ಚರಿತ್ರೆ ಅವರಿಗೆ ಗೊತ್ತಿರುವಷ್ಟು ಯಾವ ವೈದ್ಯರಿಗೂ ಗೊತ್ತಿರದು: ಮೊದಲು ಕುಂಟಿದ್ದು ಯಾವ ಕುರಿ, ಅದಕ್ಕೆ ಎಷ್ಟು ದಿನ ಮೊದಲು ಸಂತೆಯಿಂದ ಟಗರು ತಂದದ್ದು, ಯಾರ ಹೊಲದಲ್ಲಿ ಮಂದೆ ನಿಲ್ಲಿಸಿದ್ದು, ಆ ಹೊಲದಲ್ಲಿ ಹಿಂದೆ ಯಾರ ಮಂದೆ ಇತ್ತು. ನಿರ್ಣಯದ ಅರ್ಧ ಇದರಲ್ಲೇ ಇದೆ. ನೊಡೋಸಸ್ ನೆಲದಲ್ಲಿ ಒಂದೆರಡು ವಾರ ಮಾತ್ರ ಬದುಕುವುದರಿಂದ, ಹದಿನೈದು ದಿನ ಖಾಲಿ ಬಿದ್ದ ಹೊಲದಿಂದ ರೋಗ ಹತ್ತುವ ಸಂಭವ ಕಡಿಮೆ, ಹೊಸ ಟಗರಿನ ಕಾಲಿನಿಂದ ಹತ್ತುವ ಸಂಭವ ಹೆಚ್ಚು. ಇಂಥ ಪ್ರಶ್ನೆಗೆ ಉತ್ತರ ಇರುವುದು ಕುರಿಗಾಹಿಯ ನೆನಪಿನಲ್ಲಿ. ಆದರೆ ಇಂಗ್ಲೆಂಡಿನ ಆ 809 ಮಂದಿಯೂ ಅನುಭವಸ್ಥರೇ ಆಗಿದ್ದರು. ಅನುಭವ ಕಲಿಸುವುದು ಮತ್ತೆಮತ್ತೆ ಕಂಡದ್ದನ್ನು. ಅಪರೂಪಕ್ಕೆ ಬರುವುದನ್ನು ಅದು ಪರಿಚಿತವಾದುದರ ಹೆಸರಿನಲ್ಲಿ ನುಂಗಿಬಿಡುತ್ತದೆ.

ಉಳಿದ ಇನ್ನೊಂದು ತಕರಾರು ಸಮಯದ್ದು, ಅದು ನಿಜವೇ. ಇನ್ನೂರು ಕುರಿಗಳ ಎಂಟುನೂರು ಕಾಲು ನೋಡಲು ಯಾರಿಗೂ ಪುರುಸೊತ್ತಿಲ್ಲ, ಆ ಕೆಲಸಕ್ಕೆಂದೇ ಒಂದು ದಿನ ಬಿಡಿ ಎಂದು ಹೇಳುವುದು ವಲಸೆಯಲ್ಲಿರುವವರಿಗೆ ಅವಮಾನ. ಆದರೆ ಕುರಿಯನ್ನು ಹೇಗೂ ಒಂದೊಂದಾಗಿ ಹಿಡಿಯುವ ಸಂದರ್ಭಗಳು ವರ್ಷದಲ್ಲಿ ಹಲವು ಇವೆ. ಉಣ್ಣೆ ಕತ್ತರಿಸುವಾಗ ಕುರಿ ಹೇಗೂ ಮಗ್ಗುಲಾಗಿ ಮಲಗಿರುತ್ತದೆ. ಪಿಪಿಆರ್ ರೋಗದ ಲಸಿಕೆಗೆ, ಕರುಳುಬೇನೆ ಲಸಿಕೆಗೆ, ಜಂತುನಾಶಕ ಕುಡಿಸುವುದಕ್ಕೆ ಹಿಡಿದೇ ಹಿಡಿಯುತ್ತಾರೆ. ಆ ಕ್ಷಣದಲ್ಲಿ ನಾಲ್ಕು ಸಂದಿಗಳನ್ನು ಅಗಲಿಸಿ ನೋಡಲು ಅರ್ಧ ನಿಮಿಷ ಸಾಕು. ಲಸಿಕೆ ಹಾಕಲು ಬಂದ ಇಲಾಖೆಯ ಸಿಬ್ಬಂದಿಯ ಕೈಯಲ್ಲಿ ಹಾಕಿದ ಡೋಸುಗಳ ಲೆಕ್ಕ ಬರೆಯುವ ಪುಸ್ತಕ ಇದ್ದೇ ಇರುತ್ತದೆ. ಅದಕ್ಕೆ ಇನ್ನೂ ಒಂದು ಸಾಲು ಸೇರಿಸಲು ಹೊಸ ಯೋಜನೆ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ: ಎಷ್ಟು ಕುರಿ ಮೇಕೆಗಳ ಕಾಲು ನೋಡಿದ್ದು, ಎಷ್ಟರಲ್ಲಿ ಗಾಯ ಸಂದಿಯಲ್ಲಿ, ಎಷ್ಟರಲ್ಲಿ ಮೇಲಂಚಿನಲ್ಲಿ, ಎಷ್ಟರಲ್ಲಿ ಗೊರಸು ಎದ್ದಿದೆ, ಜ್ವರ ಇತ್ತೇ, ಬಾಯಿಯಲ್ಲಿ ಹುಣ್ಣಿತ್ತೇ, ಎರಡು ವಾರದಲ್ಲಿ ಮಳೆ ಬಂದಿತ್ತೇ. ಆ ಸಾಲು ಖಾಲಿ ಇರುವ ತನಕ ರೋಗದ ಹೆಸರು ಬರೆಯುವ ಜಾಗದಲ್ಲಿ ಕುಂಟು ಎಂದಷ್ಟೇ ಬರೆದರೆ ಸಾಕು.